ಹಿಂಬದಿ ಅಡುಗೆಮನೆಯ ಟ್ರೇಲರ್‌ನಲ್ಲಿ ದಿನಸಿ ಮತ್ತು ಪಾತ್ರೆಗಳನ್ನು ಎಲ್ಲಿ, ಹೇಗೆ ಇಡಬೇಕು?

ರಾಗಿಕಣಜ (ಡೆನ್ವರ್, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ಬೇರೊಬ್ಬರು ಬಳಸಿದ್ದ, 24 ಅಡಿ ಉದ್ದದ ಟ್ರಾವೆಲ್ ಟ್ರೇಲರ್ ಒಂದನ್ನು ನಾವು ಈ ವರ್ಷ ಕೊಂಡಿದ್ದೇವೆ. ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಹತ್ತಿರದ ಕ್ಯಾಂಪ್‌ಗ್ರೌಂಡ್‌ಗಳಿಗೆ ಹೋಗಿಬಂದದ್ದೂ ಆಯಿತು. ಇದರಲ್ಲಿ ಮಂಚ ಮುಂಭಾಗದಲ್ಲಿದೆ; ಒಲೆ, ಸಿಂಕು, ಫ್ರಿಜ್ಜು ಮತ್ತು ಬಹುಪಾಲು ಕ್ಯಾಬಿನೆಟ್‌ಗಳು ಹಿಂಬದಿಯ ಗೋಡೆಗೆ ಹೊಂದಿಕೊಂಡಿವೆ. ನಡುವೆ, ಚಕ್ರಗಳಿಗೆ ಸಮೀಪದಲ್ಲಿ, ಊಟದ ಮೇಜು ಇದ್ದು, ಅದರ ಎರಡೂ ಬದಿಯ ಆಸನಗಳ ಒಳಗೆ ಪೆಟ್ಟಿಗೆಯಂತೆ ಖಾಲಿ ಜಾಗವಿದೆ.

ಬರುವ ಜುಲೈನಲ್ಲಿ ಹಾಸನದಿಂದ ನನ್ನ ಅತ್ತೆ ಮತ್ತು ಮಾವ ಬರುವವರಿದ್ದಾರೆ. ಅವರನ್ನು ಕರೆದುಕೊಂಡು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಸುಮಾರು ಹತ್ತು ದಿನ ಉಳಿಯಬೇಕೆಂದಿದ್ದೇವೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಅತ್ತೆಯವರಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಊಟ ಮಾಡಿದಂತೆಯೇ ಅನ್ನಿಸುವುದಿಲ್ಲ. ಹೀಗಾಗಿ ಹೊರಗಿನ ಊಟವನ್ನು ನಂಬಿಕೊಂಡು ಹೊರಡುವಂತಿಲ್ಲ. ಮೂರು ಹೊತ್ತಿನ ಅಡುಗೆಯೂ ಟ್ರೇಲರಿನಲ್ಲಿಯೇ ಆಗಬೇಕು. 20 ಪೌಂಡಿನ ಅಕ್ಕಿ ಚೀಲ, ರಾಗಿ ಹಿಟ್ಟು, ಗೋಧಿ ಹಿಟ್ಟು, ಬೇಳೆಕಾಳುಗಳು, ಎಣ್ಣೆ, ಉಪ್ಪಿನಕಾಯಿ, ಎರಡು ಕುಕ್ಕರ್, ಕಬ್ಬಿಣದ ಕಾವಲಿ ಮತ್ತು ಮಿಕ್ಸಿ ನಮ್ಮ ಪಟ್ಟಿಯಲ್ಲಿವೆ.

ಕಳೆದ ಸಲ ಕಚ್ಚಾ ರಸ್ತೆಯಲ್ಲಿ ಕೆಲವು ಮೈಲಿ ಸಾಗಿ ನಿಂತ ಮೇಲೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದಾಗ, ಬಟ್ಟಲುಗಳಲ್ಲಿ ಬೇರೆ ಬೇರೆಯಾಗಿದ್ದ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ಎಲ್ಲವೂ ಅರಿಸಿನದ ಪುಡಿಯಲ್ಲಿ ಹೊರಳಿ ಒಂದೇ ಬಣ್ಣವಾಗಿದ್ದವು. ಮೇಲಿನ ಕ್ಯಾಬಿನೆಟ್ಟಿನ ಬಾಗಿಲು ತಾನಾಗಿ ತೆರೆದುಕೊಂಡು ಸ್ಟೀಲ್ ಲೋಟಗಳು ನೆಲಕ್ಕೆ ಬಿದ್ದಿದ್ದವು. ಯಾವ ವಸ್ತುವನ್ನು ಎಲ್ಲಿ ಇಡಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ದೂರದಾರಿ (ಫೀನಿಕ್ಸ್, ಅರಿಜೋನಾ)

ರಾಗಿಕಣಜ ಅವರೇ, ಡಬ್ಬಿಗಳ ವಿಚಾರಕ್ಕೆ ಹೋಗುವ ಮೊದಲು ತೂಕದ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಿ. ಅಡುಗೆಮನೆ ಹಿಂಬದಿಯಲ್ಲಿರುವ ಟ್ರೇಲರ್‌ಗಳಲ್ಲಿ ಇದು ಬರಿಯ ಅನುಕೂಲದ ಮಾತಲ್ಲ, ರಸ್ತೆಯ ಮೇಲಿನ ಸುರಕ್ಷತೆಯ ಮಾತು.

ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾರ ಟ್ರಕ್ಕಿನ ಹಿಚ್, ಅಂದರೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಯ ಮೇಲೆ ಬೀಳುತ್ತಿರಬೇಕು. ತುಂಬಿದ ಟ್ರೇಲರ್ 6,000 ಪೌಂಡ್ ತೂಗಿದರೆ ಹಿಚ್ ಮೇಲಿನ ಭಾರ 600ರಿಂದ 900 ಪೌಂಡಿನ ನಡುವೆ ಇರಬೇಕೆಂದು ಲೆಕ್ಕ. ಟ್ರೇಲರಿನ ಚಕ್ರಗಳ ಅಚ್ಚಿನ ಹಿಂದೆ ನೀವು ಇಡುವ ಪ್ರತಿಯೊಂದು ವಸ್ತುವೂ ಈ ಭಾರವನ್ನು ಕಡಿಮೆ ಮಾಡುತ್ತದೆ. ಹಿಚ್‌ನಿಂದ ಅಚ್ಚಿಗೆ 14 ಅಡಿ ಮತ್ತು ಅಚ್ಚಿನಿಂದ ಹಿಂಬದಿಯ ಕ್ಯಾಬಿನೆಟ್ಟಿಗೆ 7 ಅಡಿ ದೂರವಿದೆ ಎಂದುಕೊಳ್ಳಿ. ಆ ಕ್ಯಾಬಿನೆಟ್ಟಿನಲ್ಲಿ 100 ಪೌಂಡಿನ ಸಾಮಾನು ತುಂಬಿದರೆ ಹಿಚ್ ಮೇಲಿನ ಭಾರ 50 ಪೌಂಡಿನಷ್ಟು ಇಳಿಯುತ್ತದೆ. ಅದೇ ಸಾಮಾನನ್ನು ಅಚ್ಚಿನ ನೇರಕ್ಕೆ ಇಟ್ಟರೆ ಹಿಚ್ ಮೇಲಿನ ಭಾರದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಹಿಂಭಾಗ ಭಾರವಾದ ಟ್ರೇಲರ್ ಇಳಿಜಾರಿನಲ್ಲಿ ಸಾಗುವಾಗಲೋ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗಲೋ ಅತ್ತಿತ್ತ ತೂಗಾಡತೊಡಗುತ್ತದೆ. ಆ ತೂಗಾಟ ಒಮ್ಮೆ ಜೋರಾಯಿತೆಂದರೆ ಟ್ರಕ್ಕನ್ನೂ ತನ್ನೊಡನೆ ಎಳೆಯುತ್ತದೆ. ವಯಸ್ಸಾದವರನ್ನು ಕೂರಿಸಿಕೊಂಡು ವಯೋಮಿಂಗ್‌ನ ಘಟ್ಟಗಳನ್ನು ಇಳಿಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಒತ್ತಿ ಹೇಳುತ್ತೇನೆ.

ಆದ್ದರಿಂದ ಅಕ್ಕಿ, ಹಿಟ್ಟು, ಬೇಳೆಗಳ ದೊಡ್ಡ ದಾಸ್ತಾನು ಊಟದ ಮೇಜಿನ ಆಸನಗಳ ಒಳಗೆ ಹೋಗಲಿ. ಕಾವಲಿ ಮತ್ತು ಕುಕ್ಕರ್‌ಗಳಿಗೂ ಸಾಧ್ಯವಾದರೆ ಅಲ್ಲಿಯೇ ಜಾಗ ಮಾಡಿ. ಸಾಧ್ಯವಾಗದಿದ್ದರೆ ಅಡುಗೆಮನೆಯ ನೆಲಕ್ಕೆ ಹತ್ತಿದ ತಳದ ಕ್ಯಾಬಿನೆಟ್ಟಿನಲ್ಲಿ ಇಡಿ. ಮೇಲಿನ ಕ್ಯಾಬಿನೆಟ್‌ಗಳಲ್ಲಿ ಹಪ್ಪಳ, ಅವಲಕ್ಕಿ, ಪ್ಲಾಸ್ಟಿಕ್ ಲೋಟ, ಟಿಶ್ಯೂ ಸುರುಳಿಯಂಥ ಹಗುರವಾದವುಗಳಿಗೆ ಮಾತ್ರ ಅವಕಾಶ ಕೊಡಿ.

ಬಾಗಿಲಿನ ಬಳಿ ಹಳದಿ ಬಣ್ಣದ ಚೀಟಿಯೊಂದು ಅಂಟಿಸಿರುತ್ತದೆ. ಟ್ರೇಲರ್ ಎಷ್ಟು ಪೌಂಡ್ ಸಾಮಾನು ಹೊರಬಲ್ಲದು ಎಂಬುದು ಅದರಲ್ಲಿದೆ. ಟ್ಯಾಂಕಿನಲ್ಲಿ ತುಂಬಿಸುವ ನೀರೂ ಆ ಲೆಕ್ಕದೊಳಗೇ ಬರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುವುದರಿಂದ 40 ಗ್ಯಾಲನ್ ಟ್ಯಾಂಕ್ ತುಂಬಿದರೆ ಸುಮಾರು 330 ಪೌಂಡ್ ಅಲ್ಲಿಗೇ ಮುಗಿಯುತ್ತದೆ. ಎಲ್ಲವನ್ನೂ ತುಂಬಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪ್‌ನಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಗುವ ತೂಕದ ಕಟ್ಟೆಯ ಮೇಲೆ ಒಮ್ಮೆ ತೂಗಿಸಿ. ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳ ತೂಕವನ್ನು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಟ್ರೇಲರ್ ಕಳಚಿ ಟ್ರಕ್ಕನ್ನೊಂದೇ ಮತ್ತೆ ತೂಗಿಸಿದರೆ ಹಿಚ್ ಮೇಲೆ ಬೀಳುವ ಭಾರವೂ ತಿಳಿಯುತ್ತದೆ.

ಇನ್ನು ಮಸಾಲೆ ಬೆರೆತುಹೋದದ್ದಕ್ಕೂ ಕಾರಣ ಹೆಚ್ಚುಕಡಿಮೆ ಇದೇ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರಿಗೆ ಪ್ರತಿ ಹಳ್ಳವೂ ಹೇಗೆ ಎತ್ತಿಹಾಕುತ್ತದೆಯೋ, ಅಚ್ಚಿನಿಂದ ದೂರವಿರುವ ಹಿಂಬದಿಯ ಅಡುಗೆಮನೆಗೂ ಹಾಗೆಯೇ. ಇಡೀ ಟ್ರೇಲರಿನಲ್ಲಿ ಅತಿ ಹೆಚ್ಚು ಕುಲುಕಾಟ ಇರುವ ಜಾಗ ಅದು.

ಅಡುಗೆಮನೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ದೂರದಾರಿಯವರು ತೂಕದ ಬಗ್ಗೆ ಹೇಳಿದ್ದನ್ನು ಮೊದಲು ಮಾಡಿ. ನಾನು ಡಬ್ಬಿ, ಪಾತ್ರೆಗಳ ಬಗ್ಗೆ ಬರೆಯುತ್ತೇನೆ.

ಒಗ್ಗರಣೆ ಡಬ್ಬಿಯನ್ನು ಕೈಬಿಡಬೇಕಾಗಿಲ್ಲ. ಅದರೊಳಗಿನ ಬಟ್ಟಲುಗಳಿಗೆ ಪ್ರತ್ಯೇಕ ಮುಚ್ಚಳ ಇಲ್ಲದಿರುವುದು ಮತ್ತು ಹೊರಮುಚ್ಚಳಕ್ಕೂ ಬಟ್ಟಲುಗಳ ಅಂಚಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯುವುದೇ ತೊಂದರೆಯ ಮೂಲ. ಡಬ್ಬಿಯ ಒಳ ಅಳತೆಗೆ ಸರಿಯಾಗಿ ಸಿಲಿಕೋನ್ ಹಾಳೆಯೊಂದನ್ನು ದುಂಡಗೆ ಕತ್ತರಿಸಿ ಬಟ್ಟಲುಗಳ ಮೇಲೆ ಹಾಸಿ, ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಹತ್ತಿಬಟ್ಟೆ ಇಟ್ಟು ಮುಚ್ಚಳ ಒತ್ತಿದರೆ ಸಂದು ತುಂಬಿಕೊಳ್ಳುತ್ತದೆ, ಸಾಸಿವೆ ಹಾರುವುದಿಲ್ಲ. ಅರಿಸಿನ ಮತ್ತು ಖಾರದ ಪುಡಿಯನ್ನು ಮಾತ್ರ ಆ ಡಬ್ಬಿಯಿಂದ ತೆಗೆದು ತಿರುಪಿನ ಮುಚ್ಚಳದ ಸಣ್ಣ ಶೀಶೆಗಳಿಗೆ ಹಾಕಿ, ಏಕೆಂದರೆ ನುಣ್ಣನೆಯ ಪುಡಿ ಎಷ್ಟೇ ಒತ್ತಿದರೂ ನುಸುಳುತ್ತದೆ. ಶೀಶೆಗಳನ್ನು ಡ್ರಾಯರಿನಲ್ಲಿ ನಿಲ್ಲಿಸುವುದಾದರೆ ಹೆಸರನ್ನು ಮುಚ್ಚಳದ ಮೇಲೆ ಬರೆಯಿರಿ. ಡ್ರಾಯರ್ ಎಳೆದಾಗ ಕಾಣುವುದು ಮುಚ್ಚಳವೇ ಹೊರತು ಪಕ್ಕದ ಚೀಟಿಯಲ್ಲ.

ದಿನಸಿಗೆ ದುಂಡನೆಯ ಡಬ್ಬಿಗಳಿಗಿಂತ ಚೌಕದ ಡಬ್ಬಿಗಳು ಮೇಲು, ಅವುಗಳ ನಡುವೆ ಜಾಗ ಪೋಲಾಗುವುದಿಲ್ಲ, ಉರುಳುವುದೂ ಇಲ್ಲ. ಗಾಜು ಬೇಡವೇ ಬೇಡ, ಉಪ್ಪಿನಕಾಯಿಗೂ ಬೇಡ. ಎಲ್ಲ ಕಪಾಟುಗಳ ತಳಕ್ಕೂ ಜಾಲರಿಯಂತಿರುವ ರಬ್ಬರ್ ಹಾಸನ್ನು ಹಾಸಿ. ಕ್ಯಾಬಿನೆಟ್ ಬಾಗಿಲುಗಳಿಗೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಹಾಕುವ ಕೊಕ್ಕೆಗಳನ್ನು ಹಾಕಿಸಿದರೆ ಲೋಟಗಳು ಬೀಳುವುದು ನಿಲ್ಲುತ್ತದೆ. ಸ್ಪ್ರಿಂಗ್ ಇರುವ ಅಡ್ಡಸರಳುಗಳನ್ನು ಕಪಾಟಿನ ಬಾಯಿಗೆ ಸಿಕ್ಕಿಸುವುದು ಇನ್ನೂ ಸುಲಭ. ಗೋಡೆಗೆ ಹೊಸ ಕಪಾಟು ಹೊಡೆಸುವ ಯೋಚನೆ ಇದ್ದರೆ ಒಳಗಿನ ಮರದ ಚೌಕಟ್ಟು ಎಲ್ಲಿದೆ ಎಂದು ಹುಡುಕಿಕೊಳ್ಳದೆ ತಿರುಪು ಹಾಕಬೇಡಿ, ಟ್ರೇಲರಿನ ಒಳಗೋಡೆ ತೀರಾ ತೆಳುವಾದ ಹಲಗೆಯಷ್ಟೆ.

ಎರಡು ಕುಕ್ಕರ್‌ಗಳ ಬದಲು ಮೂರು ಲೀಟರಿನದು ಒಂದೇ ಸಾಕು. ಟ್ರೇಲರಿನ ಒಲೆಯ ಬರ್ನರ್‌ಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ದೊಡ್ಡ ಕುಕ್ಕರ್ ಕೂತರೆ ಪಕ್ಕದಲ್ಲಿ ಬಾಣಲೆಗೆ ಜಾಗವಿರುವುದಿಲ್ಲ. ಒಳಗೆ ಒಂದರ ಮೇಲೊಂದು ಕೂರುವ ಪಾತ್ರೆಗಳಿದ್ದರೆ ಅನ್ನ, ಬೇಳೆ ಎರಡೂ ಒಂದೇ ಉರಿಯಲ್ಲಿ ಆಗುತ್ತವೆ. ಕುಕ್ಕರನ್ನು ಮಾತ್ರ ಬಿಟ್ಟುಹೋಗಬೇಡಿ: ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಸುತ್ತಮುತ್ತ ಎತ್ತರ ಸುಮಾರು 7,800 ಅಡಿ ಇದ್ದು, ಅಲ್ಲಿ ನೀರು ಹೆಚ್ಚುಕಡಿಮೆ 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸುವುದು ಗ್ಯಾಸಿಗೆ ದಂಡ. ಡೆನ್ವರ್‌ನಲ್ಲಿರುವ ನಿಮಗೆ ಇದು ಹೊಸದೇನಲ್ಲ, ಅಲ್ಲಿ ಒಂದೆರಡು ವಿಶಲ್ ಹೆಚ್ಚು ಬೇಕಾಗಬಹುದು, ಅಷ್ಟೆ. ಪ್ರಯಾಣದಲ್ಲಿ ಕುಕ್ಕರಿನ ವೇಟ್ ಮತ್ತು ಗ್ಯಾಸ್ಕೆಟ್ ಬಿಚ್ಚಿ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕುಕ್ಕರಿನೊಳಗೇ ಇಟ್ಟುಬಿಡಿ. ಎತ್ತರ ಏರಿದಂತೆ ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿನಿಂದ ಹೊರಗೆ ತಳ್ಳುವುದುಂಟು, ಆದ್ದರಿಂದ ಎಣ್ಣೆ ಮತ್ತು ತುಪ್ಪ ಅಂಚಿರುವ ತಟ್ಟೆಯೊಂದರಲ್ಲಿ ನಿಲ್ಲಲಿ.

ಮಿಕ್ಸಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ವಿದ್ಯುತ್ ಸಂಪರ್ಕ ಇರುವ ಜಾಗದಲ್ಲಿ ಉಳಿಯುವುದಾದರೆ ಮಾತ್ರ ಒಯ್ಯಿರಿ. 550 ವ್ಯಾಟ್‌ನ ಮಿಕ್ಸಿಯನ್ನು ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿದರೆ ಸುಮಾರು 50 ಆಂಪಿಯರ್ ಎಳೆಯುತ್ತದೆ. ಅನೇಕ ಟ್ರೇಲರ್‌ಗಳಲ್ಲಿ ಅಷ್ಟು ದೊಡ್ಡ ಇನ್ವರ್ಟರ್ ಇರುವುದೇ ಇಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮನೆಯಲ್ಲೇ ಸಿದ್ಧವಾಗಲಿ, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ ಜೊತೆಗಿರಲಿ.

ಅತ್ತೆಯವರ ಮುದ್ದೆಗೆ ಒಂದು ಮಾತು. ಟ್ರೇಲರಿನ ಒಲೆಯ ಮೇಲಿರುವ ತಂತಿಯ ಚೌಕಟ್ಟು ಹಗುರ, ಕೋಲು ಹಾಕಿ ಒತ್ತಿ ತಿರುವಿದರೆ ಪಾತ್ರೆಯ ಜೊತೆ ಅದೂ ಜರುಗುತ್ತದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ಒದ್ದೆಬಟ್ಟೆ ಹಾಸಿದ ಹಲಗೆಯ ಮೇಲೆ ಇಟ್ಟು, ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡಾಗ ಇನ್ನೊಬ್ಬರು ತಿರುವಬೇಕು. ಊರಿನಲ್ಲಿ ಕವೆಗೋಲು ಮಾಡುವ ಕೆಲಸವನ್ನು ಇಲ್ಲಿ ಮಾವನವರು ಮಾಡಿಕೊಡಬಹುದು.

ಕುಂದಾಪ್ರದವ (ಬೋಜ್‌ಮನ್, ಮೊಂಟಾನಾ)

ನಾನು ಯೆಲ್ಲೊಸ್ಟೋನ್‌ಗೆ ಹತ್ತಿರದಲ್ಲಿ ಇರುವುದರಿಂದ ಅಲ್ಲಿಯ ನಿಯಮಗಳನ್ನು ತಿಳಿಸುತ್ತೇನೆ, ಏಕೆಂದರೆ ಸಾಮಾನು ಜೋಡಿಸುವ ಕ್ರಮಕ್ಕೆ ಅವುಗಳ ಸಂಬಂಧ ಇದೆ. ಕರಡಿಗಳ ಕಾರಣದಿಂದ ಅಲ್ಲಿ ಆಹಾರವನ್ನಷ್ಟೇ ಅಲ್ಲ, ಒಲೆ, ಪಾತ್ರೆ, ಕಸ, ಖಾಲಿ ಕೂಲರ್ ಯಾವುದನ್ನೂ ಬಳಸದಿರುವಾಗ ಹೊರಗಿನ ಮೇಜಿನ ಮೇಲೆ ಬಿಡುವಂತಿಲ್ಲ, ಅವು ತೊಳೆದಿದ್ದರೂ ಸರಿಯೆ. ನೀವು ಹೊರಗೆ ದೋಸೆ ಹೊಯ್ಯುವುದಕ್ಕೆ ಬೇರೆ ಒಲೆ ಒಯ್ಯುವುದಾದರೆ ಅದಕ್ಕೂ ಕಾವಲಿಗೂ ಟ್ರೇಲರಿನೊಳಗೆ ಪ್ರತಿ ರಾತ್ರಿ ಬಂದು ಕೂರುವ ಜಾಗ ಮೊದಲೇ ಗೊತ್ತುಮಾಡಿಟ್ಟಿರಬೇಕು. ಉದ್ಯಾನದೊಳಗೆ ವಿದ್ಯುತ್, ನೀರು, ಕೊಳಚೆ ಮೂರೂ ಸಂಪರ್ಕಗಳಿರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ (ವಾಸದ ವಾಹನಗಳ) ಪಾರ್ಕಿನಲ್ಲಿ ಮಾತ್ರ. ಅಲ್ಲಿ ಡೇರೆಗಳಿಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಅವಕಾಶ. ಮಿಕ್ಸಿಯ ತೀರ್ಮಾನ ನೀವು ಎಲ್ಲಿ ಜಾಗ ಕಾಯ್ದಿರಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಕರಡಿಗಿಂತ ಹೆಚ್ಚು ಕಾಡುವುದು ಇಲಿ. ಸಿಂಕಿನ ಕೆಳಗೆ ಕೊಳವೆಗಳು ನೆಲದೊಳಗೆ ಇಳಿಯುವ ತೂತುಗಳನ್ನು ಟಾರ್ಚ್ ಹಿಡಿದು ನೋಡಿ. ಕೊಳವೆಯ ಸುತ್ತ ಸಂದು ಕಂಡರೆ ಉಕ್ಕಿನ ನಾರು ತುರುಕಿ ಮುಚ್ಚಿ. ಅಕ್ಕಿಯನ್ನು ಅಂಗಡಿಯ ಚೀಲದಲ್ಲಿಯೇ ಇಡುವುದು ಇಲಿಯನ್ನು ಕರೆದು ಉಣಬಡಿಸಿದ ಹಾಗೆಯೇ, ಅದು ಲೋಹದ ಡಬ್ಬಿಯಲ್ಲಿರಬೇಕು. ಅಮೆರಿಕದ ಪಶ್ಚಿಮ ಭಾಗದ ಡೀರ್ ಮೌಸ್ ಎಂಬ ಇಲಿಗಳಿಂದ ಹಾಂಟಾವೈರಸ್ ಎಂಬ ಅಪಾಯಕಾರಿ ಸೋಂಕು ಹರಡುತ್ತದೆ. ಚಳಿಗಾಲ ಕಳೆದು ಟ್ರೇಲರ್ ತೆರೆದಾಗ ಕ್ಯಾಬಿನೆಟ್ಟಿನಲ್ಲಿ ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸಬೇಡಿ. ಬಾಗಿಲು, ಕಿಟಕಿ ತೆರೆದು ಗಾಳಿಯಾಡಲು ಬಿಟ್ಟು, ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರಿನಿಂದ ಚೆನ್ನಾಗಿ ನೆನೆಸಿ ಆಮೇಲೆ ಕಾಗದದಿಂದ ಒರೆಸಿ ತೆಗೆಯಬೇಕು.

ಫ್ರಿಜ್ಜು ಗ್ಯಾಸಿನಲ್ಲೂ ನಡೆಯುವ ಹಳೆಯ ಮಾದರಿಯದಾಗಿದ್ದರೆ ತಣ್ಣಗಾಗಲು ಬಹಳ ಹೊತ್ತು ಬೇಕು. ಹೊರಡುವ ಹಿಂದಿನ ದಿನವೇ ಚಾಲೂ ಮಾಡಿ, ಮೊದಲೇ ತಂಪಾಗಿರುವ ಪದಾರ್ಥಗಳನ್ನು ಮಾತ್ರ ಒಳಗಿಡಿ, ಮತ್ತು ಡಬ್ಬಿಗಳ ನಡುವೆ ಗಾಳಿ ಆಡುವಷ್ಟು ಎಡೆ ಬಿಡಿ. ಒಳಗಿನ ತಾಪಮಾನ 4 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಲು ಒಂದು ಸಣ್ಣ ಥರ್ಮಾಮೀಟರ್ ಇರಲಿ, ವಿಶೇಷವಾಗಿ ಮಾವನವರ ಇನ್ಸುಲಿನ್ ಅದರಲ್ಲಿಯೇ ಇಡುವುದಾದರೆ. ಇನ್ಸುಲಿನ್ ಹೆಪ್ಪುಗಟ್ಟಲೂಬಾರದು, ಹಾಗಾಗಿ ಅದನ್ನು ಫ್ರಿಜ್ಜಿನೊಳಗೆ ತಂಪು ಹರಡುವ ಲೋಹದ ಪಟ್ಟಿಗಳಿಗೆ ತಗಲುವಂತೆ ಇಡಬೇಡಿ. ದೋಸೆ ಹಿಟ್ಟನ್ನು ಡಬ್ಬಿಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಕುಲುಕಾಟಕ್ಕೂ ಹುದುಗಿಗೂ ಅದಕ್ಕೆ ಜಾಗ ಬೇಕು.

ರಾಗಿಕಣಜ (ಡೆನ್ವರ್, ಕೊಲೊರಾಡೊ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಫಿಶಿಂಗ್ ಬ್ರಿಡ್ಜ್‌ನಲ್ಲಿ ಜಾಗ ಸಿಗುತ್ತದೆಯೇ ಎಂದು ಇಂದೇ ನೋಡುತ್ತೇವೆ. ಸಿಗದಿದ್ದರೆ ಮಿಕ್ಸಿ ಮನೆಯಲ್ಲೇ ಉಳಿಯುತ್ತದೆ. ಇಂದು ಆಸನಗಳ ಮುಚ್ಚಳ ಎತ್ತಿ ನೋಡಿದಾಗ ಹೊಸ ಪ್ರಶ್ನೆಯೊಂದು ಎದ್ದಿತು. ಎಡಗಡೆಯ ಆಸನದೊಳಗೆ ಫ್ಯೂಸ್‌ಗಳೂ ಸಣ್ಣ ಫ್ಯಾನೂ ಇರುವ ವಿದ್ಯುತ್ ಪೆಟ್ಟಿಗೆಯೊಂದು ಇದೆ; ಬಲಗಡೆ ನೀರಿನ ಪಂಪು ಮತ್ತು ಕೊಳವೆಗಳು ಅರ್ಧ ಜಾಗವನ್ನು ಹಿಡಿದಿವೆ. ಅಕ್ಕಿ ಮತ್ತು ಹಿಟ್ಟಿನ ಡಬ್ಬಿಗಳನ್ನು ಯಾವ ಕಡೆ ಇಡುವುದು ಸರಿ?

ದೂರದಾರಿ (ಫೀನಿಕ್ಸ್, ಅರಿಜೋನಾ)

ಎಡಗಡೆ ಇರುವುದು ಕನ್ವರ್ಟರ್. ಹೊರಗಿನಿಂದ ಬರುವ 120 ವೋಲ್ಟ್ ವಿದ್ಯುತ್ತನ್ನು ದೀಪ ಮತ್ತು ಪಂಪುಗಳಿಗೆ ಬೇಕಾದ 12 ವೋಲ್ಟ್‌ಗೆ ಇಳಿಸುವ ಸಾಧನ ಅದು. ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಅದರ ಫ್ಯಾನಿಗೆ ಗಾಳಿ ಬೇಕು, ಆದ್ದರಿಂದ ಅದರ ಸುತ್ತ ಏನನ್ನೂ ಒತ್ತರಿಸಬೇಡಿ. ಆ ಆಸನವನ್ನು ಖಾಲಿಯಾಗಿಯೇ ಬಿಡುವುದು ನನ್ನ ಸಲಹೆ. ಕಾವಲಿಯಂಥ ಲೋಹದ ಸಾಮಾನನ್ನು ಬಿಚ್ಚಿದ ತಂತಿಗಳ ಹತ್ತಿರ ಇಡಲೇಬಾರದು.

ಅಕ್ಕಿ, ಹಿಟ್ಟು ಬಲಗಡೆಗೆ ಹೋಗಲಿ. ಪಂಪು ಮತ್ತು ಉಳಿದ ಜಾಗದ ನಡುವೆ ಅರ್ಧ ಇಂಚಿನ ಪ್ಲೈವುಡ್ ಹಲಗೆಯೊಂದನ್ನು ನಿಲ್ಲಿಸಿ, ತಳದಲ್ಲಿ ಎರಡು ಮರದ ಪಟ್ಟಿಗಳನ್ನು ಹಾಕಿ ಅವುಗಳ ಮೇಲೆ ಡಬ್ಬಿಗಳನ್ನು ಕೂರಿಸಿದರೆ, ಕೊಳವೆಯ ಜೋಡಣೆ ಎಲ್ಲಾದರೂ ಜಿನುಗಿದರೂ ದಿನಸಿಗೆ ತೇವ ತಗಲುವುದಿಲ್ಲ. ಹಲಗೆಯನ್ನು ಖಾಯಮ್ಮಾಗಿ ಬಿಗಿಯದೆ ಎತ್ತಿ ತೆಗೆಯುವಂತೆ ಇಡಿ, ಪಂಪಿನ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಬೇಕಾಗುತ್ತದೆ. ಪ್ರತಿ ಊಟಕ್ಕೂ ಅತ್ತೆಯವರನ್ನು ಎಬ್ಬಿಸಿ, ದಿಂಬು ಸರಿಸಿ, ಮುಚ್ಚಳ ಎತ್ತುವುದು ಆಗದ ಮಾತು; ಎರಡು ದಿನಕ್ಕೆ ಸಾಕಾಗುವಷ್ಟು ಅಕ್ಕಿ ಮತ್ತು ರಾಗಿ ಹಿಟ್ಟನ್ನು ಸಣ್ಣ ಡಬ್ಬಿಗಳಿಗೆ ತುಂಬಿ ಒಲೆಯ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಇಟ್ಟುಕೊಳ್ಳಿ, ಮುಗಿದಂತೆ ದೊಡ್ಡ ಡಬ್ಬಿಯಿಂದ ತುಂಬಿಸಿಕೊಳ್ಳಿ.