ಸಹಾಯ ಬೇಕು: ಗಾಯ ಆಗದೇ ಇದ್ರೂ ದೊಡ್ಡೋರು ಟಿಡಿ (ಧನುರ್ವಾಯು ಬರದಂಗೆ ಹಾಕೋ) ಇಂಜೆಕ್ಷನ್ ಹಾಕಿಸ್ಕೋಬೇಕಾ?

ಎಲ್ರಿಗೂ ನಮಸ್ಕಾರ. ನಮ್ದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ರ ಹಳ್ಳಿ. ಅಪ್ಪನಿಗೆ ಅರವತ್ತು ದಾಟಿದೆ, ಟೊಮೆಟೊ ತೋಟದ ಕೆಲಸ ಇನ್ನೂ ಬಿಟ್ಟಿಲ್ಲ. ಕೋಲು ನೆಟ್ಟು ತಂತಿ ಎಳೆಯೋವಾಗ ಅಂಗೈ ತರಚದ ದಿನ ಕಡಿಮೆ. ಅದೇ ಕೈಲಿ ಕೊಟ್ಟಿಗೆ ಗೊಬ್ಬರ ಹಾಕ್ತಾರೆ. ಕೇಳಿದ್ರೆ "ಅರಿಶಿನ ಹಚ್ಚಿದ್ದೀನಿ ಬಿಡಪ್ಪ" ಅಂತಾರೆ. ಧನುರ್ವಾಯು ರೋಗಾಣು ಇರೋದೇ ಮಣ್ಣು, ಸಗಣೀಲಿ. ಅದಕ್ಕೇ ನಂಗೆ ಭಯ.

ಯಾವಾಗಲೋ ಒಂದ್ಸಲ ಟಿಟಿ ಹಾಕಿಸಿದ್ರು, ಚೀಟಿ ಇಲ್ಲ. ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದೆ. ಈಗ ಟಿಟಿ ಬದಲು ಟಿಡಿ, ಅದರಲ್ಲಿ ಗಂಟಲಮಾರಿಗೂ ರಕ್ಷಣೆ ಇದೆ, ಆದ್ರೆ 10 ಮತ್ತು 16 ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ ಹಾಕೋದು, ಮಿಕ್ಕೋರು ಗಾಯ ಆದಾಗ ಬನ್ನಿ ಅಂದ್ರು. ಕೋಲಾರದಲ್ಲಿ ಒಬ್ರು ಡಾಕ್ಟ್ರು 10 ವರ್ಷಕ್ಕೊಂದು ಬೂಸ್ಟರ್ ಬೇಕೇ ಬೇಕು ಅಂದ್ರು. ಮೆಡಿಕಲ್ ಸ್ಟೋರ್‌ನವ್ರು ಚೀಟಿ ತನ್ನಿ ಅಂತಾರೆ, ಅದು ಸರೀನೇ.

ನಾನು ಸಿಕ್ಕಾಕೊಂಡಿರೋದು ಇಲ್ಲಿ. ನಮ್ಮ ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾಗಿದ್ದೇ 1978ರಲ್ಲಿ. ಅಷ್ಟೊತ್ತಿಗೆ ಅಪ್ಪನಿಗೆ ಮೀಸೆ ಚಿಗುರ್ತಿತ್ತು. ಚಿಕ್ಕಂದಿನ ಮೊದಲ ಡೋಸ್‌ಗಳೇ ಬಿದ್ದಿಲ್ಲ ಅಂದ್ಮೇಲೆ ಬೂಸ್ಟರ್ ಯಾವುದರ ಮೇಲೆ ಕೂರುತ್ತೆ?

ಗೊತ್ತಿರೋ ಡಾಕ್ಟ್ರು, ನರ್ಸಮ್ಮಂದಿರು ದಯವಿಟ್ಟು ಹೇಳಿ: ಇಂಥೋರಿಗೆ ಒಂದೇ ಟಿಡಿ ಸಾಕಾ, ಇಲ್ಲ ಮೊದಲಿಂದ ಮೂರು ಡೋಸ್ ಹಾಕಿಸ್ಬೇಕಾ? ಗಾಯ ಇಲ್ದೆ ಹೋದ್ರೂ ನಮ್ಮ ಜಿಲ್ಲೇಲಿ ಸರ್ಕಾರಿ ಆಸ್ಪತ್ರೇಲಿ ಹಾಕ್ತಾರಾ?