ಒಂಬತ್ತರ ಮಗಳೊಡನೆ ಬೆಟ್ಟದಲ್ಲಿ ಒಂದು ರಾತ್ರಿ: ಮಕ್ಕಳ ವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಹಾಸನದ ಒಬ್ಬ ತಂದೆ): ವೈದ್ಯರಿಗೆ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಾನೂ ಒಂಬತ್ತು ವರ್ಷದ ಮಗಳೂ ಬೆನ್ನಿಗೆ ಚೀಲ ಹಾಕಿಕೊಂಡು ಕುದುರೆಮುಖ ಹತ್ತಿ, ರಾತ್ರಿ ಮೇಲೆಯೇ ಟೆಂಟಿನಲ್ಲಿ ಮಲಗಬೇಕೆಂದಿದ್ದೇವೆ. ಅವಳ ತೂಕ 24 ಕಿಲೊ. ತನ್ನ ಚೀಲವನ್ನು ತಾನೇ ಹೊರುವುದಾಗಿ ಹಟ ಹಿಡಿದಿದ್ದಾಳೆ. ಎಷ್ಟು ಭಾರ ಹೊರಿಸಬಹುದು? ಎತ್ತರದಿಂದ ತೊಂದರೆಯಾದೀತೇ? ಅವಳ ತಾಯಿಗೆ ಚಳಿಯದೇ ಚಿಂತೆ.

ಉತ್ತರ: ನಮಸ್ಕಾರ. ಎತ್ತರದ ಚಿಂತೆಯನ್ನು ಬಿಟ್ಟುಬಿಡಿ. ಕುದುರೆಮುಖ 1,894 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಆದರೆ ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಇಳಿದಿರಬೇಕು, ಶಿಖರದಲ್ಲಿ ತಂಗಲು ಅವಕಾಶವಿಲ್ಲ. ಹೋಗಿಬರಲು ಸುಮಾರು 20 ಕಿಲೊಮೀಟರ್ ಆಗುವುದರಿಂದ ಮೊದಲ ಬಾರಿಗೆ ಅದನ್ನು ನಾನು ಒಪ್ಪುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ಎತ್ತಿನಭುಜವನ್ನು ಭೈರಾಪುರದ ಕಡೆಯಿಂದ ಹತ್ತುವ ದಾರಿ ಚಿಕ್ಕದು. ಕೊನೆಯ ಬಂಡೆಯ ಏರು ಕಡಿದಾಗಿರುವುದರಿಂದ ಅಲ್ಲಿ ಮಾತ್ರ ಮಗುವಿನ ಹಿಂದೆಯೇ ನೀವಿರಿ. ರಾತ್ರಿಯನ್ನು ಬುಡದ ಊರಿನ ಹೋಂಸ್ಟೇ ಅಂಗಳದಲ್ಲಿ ಟೆಂಟ್ ಹಾಕಿ ಕಳೆದರೆ ಅವಳ ಆಸೆಯೂ ತೀರುತ್ತದೆ. ಆ ಸೀಮೆಯಲ್ಲಿ ಆನೆಗಳಿವೆ. ಕತ್ತಲಾದ ಮೇಲೆ ನಡೆಯುವುದು ಬೇಡ, ನಡುರಾತ್ರಿ ಮೂತ್ರಕ್ಕೆಂದು ಅವಳೊಬ್ಬಳನ್ನೇ ಟೆಂಟಿನಿಂದ ಹೊರಗೆ ಕಳುಹಿಸಲೂ ಬೇಡ.

ಭಾರವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರದಿದ್ದರೆ ಒಳ್ಳೆಯದು. ಅವಳಿಗೆ ಅದು 2.4 ಕಿಲೊ, ಅಂದರೆ ಒಂದು ಲೀಟರ್ ನೀರು, ಒಂದು ಸ್ವೆಟರ್, ಮಳೆಯಂಗಿ, ಚಕ್ಕುಲಿಯ ಪೊಟ್ಟಣ. ಅಷ್ಟಕ್ಕೇ ಚೀಲ ತುಂಬಿದಂತೆ ಕಾಣುತ್ತದೆ, ಹಟವೂ ಉಳಿಯುತ್ತದೆ.

ಚಳಿಯ ವಿಷಯದಲ್ಲಿ ನಿಮ್ಮ ಮನೆಯವರ ಚಿಂತೆ ಸರಿಯಾಗಿಯೇ ಇದೆ. ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚಾದ್ದರಿಂದ ಮೈ ಬೇಗ ತಣ್ಣಗಾಗುತ್ತದೆ, ಮತ್ತು ಹತ್ತುವಾಗ ಬೆವರಿ ಒದ್ದೆಯಾದ ಹತ್ತಿಯ ಬನಿಯನ್ ಮೇಲಿನ ಗಾಳಿಗೆ ಸಿಕ್ಕಿದೊಡನೆ ಆ ಶಾಖವನ್ನು ಇನ್ನಷ್ಟು ಬೇಗ ಎಳೆದುಕೊಳ್ಳುತ್ತದೆ. ತುದಿ ಮುಟ್ಟಿದ ಕೂಡಲೇ, ಫೋಟೊಗಿಂತ ಮೊದಲು, ಒಣ ಬಟ್ಟೆ ತೊಡಿಸಿ. ಹರಟುತ್ತಿದ್ದ ಮಗು ಮಂಕಾಗಿ, ನಡುಗುತ್ತ ತಡವರಿಸಿ ನಡೆಯತೊಡಗಿದರೆ ಅದನ್ನು ಆಯಾಸವೆಂದು ತಳ್ಳಿಹಾಕದೆ, ಬೆಚ್ಚಗೆ ಹೊದಿಸಿ, ಸಿಹಿಯಾದ ಬಿಸಿ ಪಾನೀಯ ಕುಡಿಸಿ, ಇಳಿಯಬೇಕು. ಬೆನ್ನ ಕೆಳಗಿನ ನೆಲವೂ ಶಾಖ ಹೀರುವುದರಿಂದ, ಎರಡು ಕಂಬಳಿಯಿದ್ದರೆ ಒಂದನ್ನು ಹಾಸಿರಿ.

ಪ್ರಶ್ನೆ (ಸಕಲೇಶಪುರದ ಒಬ್ಬ ತಾಯಿ): ಸರ್, ಇಂಬಳಕ್ಕೆ ನಮ್ಮಲ್ಲಿ ಹೊಗೆಸೊಪ್ಪು ಉಜ್ಜುತ್ತಾರೆ. ಮಕ್ಕಳಿಗೂ ಉಜ್ಜಬಹುದೇ? ಉಣುಗಿನ ಭಯವೂ ಇದೆ.

ಉತ್ತರ: ಹೊಗೆಸೊಪ್ಪು ಬೇಡಮ್ಮ, ಅದರ ನಿಕೋಟಿನ್ ಚರ್ಮದ ಮೂಲಕ ಮೈಗೆ ಸೇರುತ್ತದೆ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತುರುಕಿದರೆ ಸಾಕು. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಒತ್ತಿ ಹಿಡಿಯಿರಿ, ಹೆದರಬೇಕಾದುದಿಲ್ಲ.

ಉಣುಗಿನದು ಬೇರೆ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಂಡುಬಂದಿದೆ, ಮತ್ತು ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣಗಾಲದಲ್ಲಿ, ಅಂದರೆ ಚಾರಣದ ಕಾಲದಲ್ಲಿಯೇ. ತರಗೆಲೆಯ ಮೇಲೆ ಕೂರಿಸಬೇಡಿ. ಮಂಗ ಸತ್ತು ಬಿದ್ದಿರುವ ಜಾಗದ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ನೋಡಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ.

ಮನೆಗೆ ಮರಳಿದ ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಐಬುಪ್ರೊಫೇನ್ ಬೇಡ. ಅಂದೇ ವೈದ್ಯರಲ್ಲಿಗೆ ಕರೆದೊಯ್ದು, ಅವರು ಕೇಳುವ ಮೊದಲೇ ಕಾಡಿಗೆ ಹೋಗಿದ್ದುದನ್ನೂ ಯಾವ ದಿನವೆಂಬುದನ್ನೂ ಹೇಳಿ.