ಅಪ್‌ಡೇಟ್: ಕುಂಬಳೆಯ ರೈಲುಪಯಣಕ್ಕೆ ಹಗುರ ಲ್ಯಾಪ್‌ಟಾಪ್ ಸಿಕ್ಕಿತು

ಕುಂಬಳೆಯಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವಾಗ ಕನ್ನಡ ಕರಡುಗಳನ್ನು ತಿದ್ದಲು ಒಂದೂವರೆ ಕಿಲೋ ಮೀರದ ಲ್ಯಾಪ್‌ಟಾಪ್ ಯಾವುದೆಂದು ಕೇಳಿದ್ದೆ. ನಿಮ್ಮ ಸಲಹೆಗಳನ್ನು ತೂಗಿ ನೋಡಿ, ಕೊನೆಗೆ ಎಂ2 ಚಿಪ್‌ನ 13 ಇಂಚಿನ ಮ್ಯಾಕ್‌ಬುಕ್ ಏರ್ ಕೊಂಡೆ.

ಇದರ ತೂಕ 1.24 ಕಿಲೋ, ಒಳಗೆ ಫ್ಯಾನ್ ಇಲ್ಲವಾದ್ದರಿಂದ ತೊಡೆಯ ಮೇಲಿಟ್ಟುಕೊಂಡಾಗ ಗಾಳಿಯ ಕಿಂಡಿ ಮುಚ್ಚೀತೆಂಬ ಚಿಂತೆಯಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಆಗಾಗ ಕೈಕೊಡುವುದರಿಂದ, ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಮಾಡಬಹುದೆಂಬುದು ನನಗೆ ತೂಕದಷ್ಟೇ ಮುಖ್ಯವಾಯಿತು. ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಸಾಧ್ಯವೇ ಇಲ್ಲವೆಂದು ನೀವು ಎಚ್ಚರಿಸಿದ್ದರಿಂದ ಮೊದಲೇ 16 ಜಿಬಿಯದನ್ನು ಆರಿಸಿದೆ. ಆ ಮಾತಿಗೆ ವಿಶೇಷ ಕೃತಜ್ಞತೆಗಳು.

ತೊಡಕಾದದ್ದು ಒಂದೇ ಕಡೆ. ಕನ್ನಡ ಕೀಲಿಮಣೆ ಇದರಲ್ಲಿ ಮೊದಲೇ ಇದೆ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಬರಹ ಸೊಗಸಾಗಿ ಮೂಡುತ್ತದೆ. ಆದರೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕಡತಗಳು ಆ ಫಾಂಟಿಲ್ಲದೆ ಬರಿಯ ಗೀಚುಗಳಾಗಿ ತೆರೆದುಕೊಂಡವು. ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲು ಸಾಲಾಗಿ ಪರಿಶೀಲಿಸುತ್ತಿದ್ದೇನೆ. ಮಂಜೇಶ್ವರ ದಾಟುವಷ್ಟರಲ್ಲಿ ಎರಡು ಪುಟ ಮುಗಿಯುತ್ತವೆ.